ತುರಿಕೆಯನ್ನೂ ಕಾಯಿಲೆ ಎಂದು ನಂಬಿದವರಿಗೆ

ಜ್ವರ ಬಂದವನನ್ನು ನೋಡಲು ಜನ ಬ್ರೆಡ್ಡು ಹಿಡಿದು ಬರುತ್ತಾರೆ. ಕಾಲು ಮುರಿದರೆ ಎಳನೀರು, ಮೂಸಂಬಿ. ತುರಿಕೆ ಎಂದರೆ ಯಾರೂ ಬರುವುದಿಲ್ಲ. ಬಂದವರೂ ಒಂದು ಮಾರು ದೂರ ಕುಳಿತು, ಕೊಟ್ಟ ಕಾಫಿ ಲೋಟವನ್ನು ಒಮ್ಮೆ ತಿರುಗಿಸಿ ನೋಡಿ ಕುಡಿಯುತ್ತಾರೆ. ಐದು ವರ್ಷ ಇದನ್ನು ಕಂಡವನು ನಾನು. ಹೋದ ತಿಂಗಳು ವೈದ್ಯೆ ನನ್ನ ಕೊನೆಯ ಮಾತ್ರೆಯನ್ನೂ ನಿಲ್ಲಿಸಿದರು. ಅದಾಗಿ ಮೂವತ್ತೈದು ದಿನ. ಮೊಣಕೈ ಮೇಲೆ ಹೊಸ ಗುಳ್ಳೆ ಒಂದೂ ಎದ್ದಿಲ್ಲ. ಧೈರ್ಯ ಮಾಡಿ ಅರ್ಧ ತೋಳಿನ ಎರಡು ಅಂಗಿ ಹೊಲಿಸಿದ್ದೇನೆ. ಅವುಗಳನ್ನು ತೊಟ್ಟು ಊರೊಳಗೆ ತಿರುಗಾಡುವ ಮೊದಲು ಕೆಲವರ ಋಣವನ್ನು ಎಲ್ಲರೆದುರು ಹೇಳಿಕೊಳ್ಳಬೇಕಿದೆ.

ನಮ್ಮದು ಹಾಸನದಲ್ಲಿ ಬೇಕರಿ ಮನೆ. ಬೆಂಗಳೂರಿನ ಎಷ್ಟೋ ಬೇಕರಿಗಳ ಬೇರು ನಮ್ಮ ಜಿಲ್ಲೆಯಲ್ಲಿದೆ ಎಂದು ಸಂದರ್ಭ ಇದ್ದರೂ ಇಲ್ಲದಿದ್ದರೂ ಹೇಳಿಕೊಳ್ಳುವ ಜನ ನಾವು. ಅಪ್ಪ ಕಟ್ಟಿಸಿದ ಒಲೆಯ ಮುಂದೆ ನಸುಕಿನ ಮೂರು ಗಂಟೆಗೆ ಮೈದಾ ನಾದುವುದು ನನ್ನ ಪಾಲಿನ ಕೆಲಸವಾಗಿತ್ತು. 2017ರ ಚಳಿಗಾಲದಲ್ಲಿ ಎರಡೂ ಮೊಣಕೈ, ಎರಡೂ ಮೊಣಕಾಲು, ಕುಳಿತರೆ ಒತ್ತುವ ಜಾಗ, ಇಷ್ಟು ಕಡೆ ಸಾಸಿವೆ ಗಾತ್ರದ ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದವು. ಬರೀ ತುರಿಕೆಯಲ್ಲ, ಒಳಗೆ ಕೆಂಡ ಇಟ್ಟು ಮೇಲೆ ಇರುವೆ ಬಿಟ್ಟಂತೆ. ಗುಳ್ಳೆ ಮೂಡಿದ ಗಂಟೆಯೊಳಗೆ ನನ್ನ ಉಗುರಿಗೆ ಸಿಕ್ಕಿ ಒಡೆದಿರುತ್ತಿತ್ತು. ಹಾಗಾಗಿ ವೈದ್ಯರ ಕಣ್ಣಿಗೆ ಬೀಳುತ್ತಿದ್ದದ್ದು ಬರೀ ಹಕ್ಕಳೆ.

ಒಬ್ಬರು ಮೈದಾ ಧೂಳಿನ ಅಲರ್ಜಿ ಎಂದರು. ಇನ್ನೊಬ್ಬರು ಹುಳುಕಡ್ಡಿ ಎಂದರು. ಮೂರನೆಯವರು ಕಜ್ಜಿ ಎಂದಾಗ ಮನೆಮಂದಿಯೆಲ್ಲ ಕುತ್ತಿಗೆಯಿಂದ ಪಾದದವರೆಗೆ ಔಷಧಿ ಬಳಿದುಕೊಂಡು ಮಲಗಿದೆವು. ಹಾಸಿಗೆ ಬಟ್ಟೆಗಳನ್ನೆಲ್ಲ ಕುದಿಸಿ ಒಣಗಿಸಿದೆವು. ನಡುನಡುವೆ ನಾನೇ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಮುಲಾಮಿನಿಂದ ಚರ್ಮ ಈರುಳ್ಳಿ ಸಿಪ್ಪೆಯಾಯಿತು. ಅಮ್ಮ ಮಾತ್ರ ಮೊದಲ ದಿನದಿಂದಲೂ ಇದು ನಾಗದೋಷ ಎಂದೇ ಹೇಳುತ್ತಿದ್ದರು. ಶಿರಾಡಿ ಘಾಟಿ ಇಳಿದು ಕುಕ್ಕೆಗೆ ಹೋಗಿ ಬಂದೆವು, ಮೃತ್ತಿಕೆ ಪ್ರಸಾದ ಹಚ್ಚಿದೆವು. ಹಚ್ಚಿದ ಅಷ್ಟು ಹೊತ್ತು ತಂಪಾಗಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆ ಐದು ವರ್ಷದಲ್ಲಿ ನನಗೆ ಹಣ್ಣು ತಂದವರು ಒಬ್ಬರೇ. ಅಪ್ಪನ ಕಾಲದಿಂದ ನಮ್ಮ ಒಲೆ ನೋಡಿಕೊಳ್ಳುತ್ತಿರುವ ಹಿರಿಯರು. ಒಂದು ಸಂಜೆ ಪಚ್ಚಬಾಳೆಯ ಚಿಪ್ಪನ್ನು ಗಲ್ಲಾ ಪೆಟ್ಟಿಗೆಯ ಮೇಲಿಟ್ಟು, "ಚಿಕ್ಕ ಯಜಮಾನರೇ, ನೀವು ರಾತ್ರಿ ನಿದ್ದೆ ಮಾಡುತ್ತಿಲ್ಲ. ಇದು ಧೂಳಿನ ಕಾಯಿಲೆಯಲ್ಲ. ಧೂಳು ನಲವತ್ತು ವರ್ಷದಿಂದ ನನ್ನ ಮೇಲೂ ಬೀಳುತ್ತಿದೆ" ಎಂದರು. ಓದು ಬರಹ ಅಷ್ಟಾಗಿ ಇಲ್ಲದ ಅವರ ಈ ತರ್ಕ ನನಗಾಗಲೀ, ನಾನು ಕಂಡವರಿಗಾಗಲೀ ಹೊಳೆದಿರಲಿಲ್ಲ. ಮಾರನೆಯ ವಾರ, ಊರಿಗೆ ಹೊಸದಾಗಿ ಬಂದಿದ್ದ ಚರ್ಮರೋಗ ವೈದ್ಯೆಯ ಬಳಿಗೆ ಅವರೇ ನನ್ನನ್ನು ಆಟೋ ಹತ್ತಿಸಿದರು. ನನ್ನ ಮೊದಲ ನಮಸ್ಕಾರ ಅವರಿಗೆ.

ವೈದ್ಯೆ ಒಂದು ತೋಳು ನೋಡಿ ಚೀಟಿ ಬರೆಯಲಿಲ್ಲ. ಎರಡೂ ತೋಳು ಮೇಲೇರಿಸಲು ಹೇಳಿದರು. "ಎಡಕ್ಕೆ ಕನ್ನಡಿ ಹಿಡಿದಂತೆ ಬಲಕ್ಕೂ ಬಂದಿದೆಯಲ್ಲ" ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿ, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹೊಸ ಗುಳ್ಳೆ ಎದ್ದ ದಿನ, ಒಡೆಯದೆ, ಸೀದಾ ಬರುತ್ತೀರಾ?" ಬಂದೆ. ಹೊರಗೆ ಕಾಯಿಸದೆ ಒಳಗೆ ಕರೆದರು. ಗುಳ್ಳೆಯ ಅಂಚಿನಿಂದ ಒಂದು ಚೂರು, ಪಕ್ಕದ ಏನೂ ಆಗದ ಚರ್ಮದಿಂದ ಇನ್ನೊಂದು ಚೂರು ತೆಗೆದರು. ಚೆನ್ನಾಗಿರುವ ಚರ್ಮವನ್ನು ಏಕೆ ಕತ್ತರಿಸುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಸಿಟ್ಟು. ಉತ್ತರ ಇದ್ದದ್ದು ಅದರಲ್ಲೇ. ಆ ಎರಡನೆಯ ಚೂರನ್ನು ಫಾರ್ಮಾಲಿನ್‌ನಲ್ಲಿ ಹಾಕದೆ ಬೇರೊಂದು ದ್ರವದಲ್ಲಿಟ್ಟು ಬೆಂಗಳೂರಿಗೆ ಕಳಿಸಿದರು. ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚರ್ಮದ ಮೇಲ್ಪದರದ ಕೆಳಗೆ ಐಜಿಎ ಎಂಬ ಪ್ರತಿಕಾಯ ರವೆ ಚೆಲ್ಲಿದಂತೆ ಕೂತಿತ್ತು. ರವೆಯ ಹೋಲಿಕೆ ನನ್ನದು. ಬೇಕರಿಯವನಿಗೆ ಬೇರೇನು ಹೊಳೆಯುತ್ತದೆ?

ಕಾಯಿಲೆಯ ಹೆಸರು ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. 1884ರಲ್ಲಿ ಅಮೆರಿಕದ ಡ್ಯೂರಿಂಗ್ ಎಂಬ ವೈದ್ಯರು ಇಟ್ಟದ್ದು. ಹರ್ಪಿಸ್ ವೈರಸ್‌ಗೂ ಇದಕ್ಕೂ ಸಂಬಂಧವಿಲ್ಲ, ಗುಳ್ಳೆಗಳು ಹಾಗೆ ಗುಂಪಾಗಿ ಕಾಣುತ್ತವೆ ಎಂದು ಆ ಹೆಸರು ಅಷ್ಟೆ. ಹರ್ಪಿಸ್ ಎಂದರೆ ಗ್ರೀಕರ ಮಾತಿನಲ್ಲಿ ತೆವಳುವುದಂತೆ. ನಮ್ಮವರು ಸರ್ಪಸುತ್ತು ಎಂದರು, ಅವರು ತೆವಳುವುದು ಎಂದರು. ಅಮ್ಮನಿಗೆ ಇದನ್ನು ಹೇಳಿದಾಗ, "ನಾನು ಹೇಳಿರಲಿಲ್ಲವೇ?" ಎಂದು ಗೆದ್ದವರ ಮುಖ ಮಾಡಿದರು.

ಚರ್ಮದ್ದು ಮುಖ ಮಾತ್ರ, ಬೇರು ಕರುಳಿನಲ್ಲಿ ಎಂದರು ವೈದ್ಯೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಅಂಟನ್ನು ಕೆಲವರ ದೇಹ ಶತ್ರು ಎಂದು ತಿಳಿದು, ಅದರ ಜೊತೆಗೆ ತನ್ನದೇ ಕರುಳಿನ ಮೇಲೂ ಯುದ್ಧ ಹೂಡುತ್ತದೆ. ಅದು ಸೀಲಿಯಾಕ್ ಕಾಯಿಲೆ. ರಕ್ತದಲ್ಲಿ ಟಿಟಿಜಿ ಪರೀಕ್ಷೆ ಮಾಡಿಸಿದರು, ಎಂಡೋಸ್ಕೋಪಿ ಆಯಿತು. ಆಹಾರ ಹೀರಿಕೊಳ್ಳಲೆಂದು ಸಣ್ಣಕರುಳಿನಲ್ಲಿರುವ ಬೆರಳಿನಂಥ ಎಳೆಗಳು ನನ್ನಲ್ಲಿ ಮಟ್ಟಸವಾಗಿದ್ದವು. ನನಗೆ ಭೇದಿ ಇರಲಿಲ್ಲ, ಹೊಟ್ಟೆನೋವೂ ಇರಲಿಲ್ಲ, ಕಬ್ಬಿಣಾಂಶ ಮಾತ್ರ ಕಡಿಮೆಯಿತ್ತು. ಚರ್ಮದಲ್ಲಿ ಕಾಣಿಸಿಕೊಳ್ಳುವ ಎಷ್ಟೋ ಜನರಿಗೆ ಹೀಗೆಯೇ ಅಂತೆ. ಗೋಧಿಯೇ ಮುಖ್ಯ ಆಹಾರವಾದ ಉತ್ತರ ಭಾರತದಲ್ಲಿ ಹೆಚ್ಚಾಗಿ ಪತ್ತೆಯಾಗುವ ಈ ಕಾಯಿಲೆ ಮುದ್ದೆ, ರೊಟ್ಟಿ ಉಣ್ಣುವ ನಮ್ಮ ಕಡೆಯವರ ನೆನಪಿಗೆ ಬೇಗ ಬರದಿದ್ದರೆ ತಪ್ಪೇನಿಲ್ಲ. ಹಿಂದೆ ಕಂಡ ವೈದ್ಯರ ಮೇಲೆ ನನ್ನ ದೂರಿಲ್ಲ. ಐದು ವರ್ಷ ನಾನು ಮೈಮೇಲೆ ಬಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ತೊಳೆದೆ. ಅಪರಾಧಿ ಪ್ರತಿದಿನ ಬೆಳಿಗ್ಗೆ ಒಲೆಯಿಂದ ತೆಗೆದ ಕೂಡಲೇ ತಿನ್ನುತ್ತಿದ್ದ ಬಿಸಿ ಬನ್ನು.

ಒಂದು ಮಾತು, ಇದನ್ನು ಓದಿ ಅನುಮಾನ ಬಂದವರಿಗೆ: ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು. ಪಕ್ಕದ ಮನೆಯವರ ಮಾತು ಕೇಳಿ ನಾನು ಬಿಡುವುದರಲ್ಲೇ ಇದ್ದೆ.

ಡ್ಯಾಪ್ಸೋನ್ ಮಾತ್ರೆ ಬರೆದುಕೊಟ್ಟರು, ಅದಕ್ಕೂ ಮೊದಲು ಜಿ6ಪಿಡಿ ಎಂಬ ರಕ್ತಪರೀಕ್ಷೆ. ಆ ಕಿಣ್ವದ ಕೊರತೆ ಇದ್ದವರಲ್ಲಿ ಈ ಮಾತ್ರೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮಾತ್ರೆ ಶುರುವಾದ ಮೂರನೆಯ ರಾತ್ರಿ ನಾನು ನಿದ್ದೆ ಮಾಡಿದೆ. ಹೇಗೆ ಎಂದರೆ, ಒಲೆ ಹಚ್ಚುವ ಹೊತ್ತು ಮೀರಿತೆಂದು ಅಣ್ಣ ಬಂದು ಬಾಗಿಲು ಬಡಿದರೆ ಹೆಂಡತಿ ಹೊರಗೆ ಹೋಗಿ, "ಇವತ್ತು ಎಬ್ಬಿಸಬೇಡಿ ಭಾವ" ಎಂದು ಕೈಮುಗಿದಳಂತೆ. ಎದ್ದಾಗ ಎಂಟೂವರೆ. ದಿಂಬಿನ ಮೇಲೆ ರಕ್ತದ ಕಲೆ ಇರಲಿಲ್ಲ. ನಾನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿದೆ.

ಔಷಧಿ ಅಂಗಡಿಯಲ್ಲಿ ಬೇರೆ ಕಥೆ ನಡೆದಿತ್ತು. ಡ್ಯಾಪ್ಸೋನ್ ಕುಷ್ಠರೋಗಕ್ಕೂ ಕೊಡುವ ಔಷಧಿ. ಅದು ಯಾರ ಬಾಯಿಂದಲೋ ಅಮ್ಮನ ಕಿವಿಗೆ ಬಿದ್ದು, ಅವರು ಎರಡು ದಿನ ಊಟ ಬಿಟ್ಟರು. ವೈದ್ಯೆ ಅಮ್ಮನನ್ನು ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಮೊಣಕೈಯನ್ನು ತಮ್ಮ ಬರಿಗೈಯಲ್ಲಿ ಹಿಡಿದು ಎಲ್ಲವನ್ನೂ ವಿವರಿಸಿದರು. ಕಾಯಿಲೆ ಕಂಡುಹಿಡಿದದ್ದು ಅವರ ವಿದ್ಯೆ. ಕೈಗವಸು ಹಾಕದೆ ಮುಟ್ಟಿದ ಆ ಹತ್ತು ನಿಮಿಷಕ್ಕೆ ನಾನು ಬೇರೆಯೇ ಕೃತಜ್ಞ. ತಿಂಗಳುಗಟ್ಟಲೆ ನನ್ನ ಹಿಮೋಗ್ಲೋಬಿನ್ ನೋಡಲು ರಕ್ತ ತೆಗೆದ ಪ್ರಯೋಗಾಲಯದ ಹುಡುಗನಿಗೂ ನಮಸ್ಕಾರ. ಅವನ ಸೂಜಿ ಒಮ್ಮೆಯೂ ನೋಯಿಸಲಿಲ್ಲ.

ಮಾತ್ರೆ ತುರಿಕೆಗೆ ಮಾತ್ರ, ಕರುಳಿಗೆ ಔಷಧಿ ಎಂದರೆ ಗೋಧಿ ಬಿಡುವುದೇ. ನಮ್ಮ ಊಟದಲ್ಲಿ ಅದೇನು ಮಹಾ ಕಷ್ಟ ಎಂದುಕೊಂಡೆ. ರಾಗಿ ಮುದ್ದೆ, ಅಕ್ಕಿ ರೊಟ್ಟಿ, ಕಡುಬು, ಒತ್ತು ಶಾವಿಗೆ, ಯಾವುದರಲ್ಲೂ ಗ್ಲುಟನ್ ಇಲ್ಲ. ನಾಲ್ಕು ತಿಂಗಳು ಬಿಟ್ಟೆ. ಮಾತ್ರೆ ಸ್ವಲ್ಪ ಇಳಿಸಿದ ಕೂಡಲೇ ಗುಳ್ಳೆಗಳು ಮತ್ತೆ ಎದ್ದವು. ನಾನು ಕದ್ದು ಬನ್ನು ತಿನ್ನುತ್ತಿದ್ದೇನೆ ಎಂದು ಮನೆಯಲ್ಲಿ ಅನುಮಾನ. ಹೆಂಡತಿ ಮಾತ್ರ ನನ್ನನ್ನು ಅನುಮಾನಿಸದೆ ಅಡುಗೆಮನೆಯನ್ನು ಅನುಮಾನಿಸಿದಳು. ಒಂದೊಂದೇ ಡಬ್ಬಿ ಇಳಿಸಿ, ಮಗಳ ಭೂತಗನ್ನಡಿ ಹಿಡಿದು ಸಣ್ಣಕ್ಷರ ಓದುತ್ತಾ ಹೋದಳು. ಸಿಕ್ಕಿತು: ಇಂಗಿನ ಡಬ್ಬಿಯ ಮೇಲೆ, ಮರದ ಅಂಟಿನ ಜೊತೆ, ಗೋಧಿ ಹಿಟ್ಟು. ಅಂಗಡಿಯಲ್ಲಿ ಸಿಗುವ ಇಂಗು ಬಹುಪಾಲು ಹೀಗೆ ಹಿಟ್ಟು ಬೆರೆಸಿದ್ದು. ನಾನು ದಿನವೂ ತಿಳಿಸಾರಿನ ಒಗ್ಗರಣೆಯಲ್ಲಿ ಗೋಧಿ ಕುಡಿಯುತ್ತಿದ್ದೆ. ಕಿಲೋಗೆ 20 ಮಿಲಿಗ್ರಾಂ ಗ್ಲುಟನ್ ಮೀರಿದರೆ ಗ್ಲುಟನ್ ರಹಿತ ಎಂದು ಪೊಟ್ಟಣದ ಮೇಲೆ ಬರೆಯುವಂತಿಲ್ಲ ಎಂಬುದು ನಮ್ಮ ದೇಶದ ನಿಯಮ. ಲೆಕ್ಕ ಅಷ್ಟು ಸೂಕ್ಷ್ಮ ಎಂದು ತಿಳಿದ ಮೇಲೆ ಅವಳ ಕಣ್ಣು ಹಿಟ್ಟಿನ ಗಿರಣಿಯ ಮೇಲೆ ಬಿತ್ತು.

ಗಿರಣಿಯಲ್ಲಿ ನಮ್ಮ ರಾಗಿಗೆ ಮೊದಲು ಯಾರದೋ ಗೋಧಿ ಬೀಸಿರುತ್ತಾರೆ, ಕಲ್ಲಿನ ಸಂದಿಯಲ್ಲಿ ಅದು ಕೂತಿರುತ್ತದೆ. ಸಂಕೋಚದಿಂದಲೇ ಮಾಲೀಕರಿಗೆ ಹೇಳಿದೆ. ಅವರು ನನ್ನ ಕಾಯಿಲೆಯ ಹೆಸರನ್ನೂ ಕೇಳಲಿಲ್ಲ. ಅಂದಿನಿಂದ ಮಂಗಳವಾರ ಬೆಳಗಿನ ಮೊದಲ ಸರದಿ ನಮ್ಮದು. ಹಿಂದಿನ ರಾತ್ರಿಯೇ ಕಲ್ಲು ಬಿಚ್ಚಿ, ಗುಡಿಸಿ ಇಟ್ಟಿರುತ್ತಾರೆ. ಮೊದಲು ತಮ್ಮದೇ ಎರಡು ಸೇರು ನುಚ್ಚಕ್ಕಿ ಸುರಿದು ಬೀಸಿ, ಆ ಹಿಟ್ಟನ್ನು ತಮ್ಮ ಹಸುವಿಗೆ ತೆಗೆದಿಟ್ಟು, ಆಮೇಲೆ ನಮ್ಮ ರಾಗಿ ಹಾಕುತ್ತಾರೆ. ಅದಕ್ಕೆ ಹೆಚ್ಚಿನ ದುಡ್ಡು ಕೊಡಲು ಹೋದರೆ, "ಹಸುವಿನ ಹತ್ತಿರ ಲೆಕ್ಕ ಮಾಡಿಕೊಳ್ಳಿ" ಎನ್ನುತ್ತಾರೆ.

ಸತ್ಯನಾರಾಯಣ ಪೂಜೆಯ ಪ್ರಸಾದ ಇನ್ನೊಂದು ಪೇಚು. ಸಜ್ಜಿಗೆ ಎಂದರೆ ರವೆ, ರವೆ ಎಂದರೆ ಗೋಧಿ. ಕೈ ಹಿಂದಕ್ಕೆ ತೆಗೆದಿದ್ದಕ್ಕೆ ನಮ್ಮ ಅತ್ತೆಯೊಬ್ಬರು ವರ್ಷವಿಡೀ ಮಾತು ಬಿಟ್ಟರು. ಮುಂದಿನ ಸಲ ಅರ್ಚಕರೇ ಎಲ್ಲರೆದುರು, ಗೋಧಿ ಹಿಟ್ಟು ಸಿಗದಿದ್ದರೆ ಅಕ್ಕಿ ಹಿಟ್ಟು ಆಗುತ್ತದೆ ಎಂದು ವ್ರತಕಥೆಯಲ್ಲೇ ಇದೆಯಲ್ಲ ಎಂದು ಹೇಳಿ, ಅಕ್ಕಿ ತರಿಯಲ್ಲೇ ಸಜ್ಜಿಗೆ ಮಾಡಿಸಿದರು. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಅಣ್ಣನ ಬಗ್ಗೆ ಬರೆಯುವುದು ಕಷ್ಟ. ಗಾಳಿಯಲ್ಲಿ ಹಾರುವ ಹಿಟ್ಟು ಮೂಗು ಬಾಯಿಗೆ ಹೋಗಿ ಹೊಟ್ಟೆಗೂ ಇಳಿಯುತ್ತದೆ, ಒಲೆಮನೆ ಬಿಡಬೇಕು ಎಂದು ವೈದ್ಯೆ ಹೇಳಿದ ದಿನವೇ ಅವನು ಮುಂದಿನ ಮಳಿಗೆಯ ಅರ್ಧಕ್ಕೆ ಗೋಡೆ ಎಬ್ಬಿಸಿ, ಬೇರೆ ಬಾಗಿಲು ಇಡಿಸಿ ನನಗೆ ಕಾಫಿಪುಡಿ ಅಂಗಡಿ ಹಾಕಿಕೊಟ್ಟ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮ ಬೇಕರಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಆಗ ಇಬ್ಬರ ಕೆಲಸವನ್ನು ಅವನೊಬ್ಬನೇ ಮಾಡುತ್ತಾನೆ. ಒಂದು ದಿನವೂ ಆಡಿ ತೋರಿಸಿಲ್ಲ.

ಕೊನೆಗೆ ಅಮ್ಮ. ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಇವರಿಗೂ ರಕ್ತಪರೀಕ್ಷೆ ಆಗಬೇಕೆಂದು ವೈದ್ಯೆ ಹೇಳಿದ್ದರು. ಮಗಳದ್ದು, ಅಣ್ಣನದ್ದು ಸರಿ ಬಂತು. ಮಗಳದ್ದನ್ನು ಮತ್ತೆ ಮಾಡಿಸಬೇಕು. ಅರವತ್ತೆಂಟರ ಅಮ್ಮನದ್ದು ಏರಿತ್ತು. ಎಂಡೋಸ್ಕೋಪಿಯೂ ಅದನ್ನೇ ಹೇಳಿತು. ನಾನು ಕಂಡಾಗಿನಿಂದ ಅವರಿಗೆ ರಕ್ತ ಕಡಿಮೆ, ಮೆಟ್ಟಿಲು ಹತ್ತಿದರೆ ಏದುಸಿರು. "ಹೆಂಗಸರಿಗೆ ಇದ್ದದ್ದೇ" ಎಂದು ಕಬ್ಬಿಣದ ಮಾತ್ರೆ ನುಂಗಿಕೊಂಡೇ ಅವರು ನಮ್ಮನ್ನು ಬೆಳೆಸಿದರು. ಬೆಳಿಗ್ಗೆ ಸಂಜೆ ಕಾಫಿಗೆ ಅದ್ದಿ ತಿನ್ನುತ್ತಿದ್ದದ್ದು ನಮ್ಮದೇ ಬೇಕರಿಯ ರಸ್ಕು. ಆ ಸುಸ್ತಿಗೂ ಯಾರೂ ಹಣ್ಣು ತಂದಿರಲಿಲ್ಲ. ನಾನೂ ತಂದಿರಲಿಲ್ಲ. ಅಮ್ಮ, ತಡವಾಯಿತು.

ಈಗ ಅವರ ಹಿಮೋಗ್ಲೋಬಿನ್ ಹನ್ನೆರಡು. ರಾಗಿ ತೊಳೆದು ಮಹಡಿಯ ಮೇಲೆ ಹರವುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ನಾಳೆ ಮಂಗಳವಾರ. ಬೂವನಹಳ್ಳಿ ಕಡೆಯಿಂದ ಮೋಡ ಏಳುತ್ತಿದೆ, ಮೇಲಿನಿಂದ ಅವರು ಕೂಗುತ್ತಿದ್ದಾರೆ. ಹೋಗಿ ಚಾಪೆ ಎತ್ತಬೇಕು.