ಪೆಲೆಟ್ ಸ್ಟೌವ್ ಕೆಟ್ಟಿರಲ್ಲ, ಬೂದಿ ಕಟ್ಕೊಂಡಿರುತ್ತೆ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದ ಚಳಿಗಾಲದ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ಮನೆ ಬೆಚ್ಚಗಿಡೋ ಪೆಲೆಟ್ ಸ್ಟೌವ್ ಬರೀ ತಲೆನೋವು, ಬೇಗ ಕೆಟ್ಟು ಕೂರುತ್ತೆ ಅಂದಿದ್ದು ಒಪ್ಪಕ್ಕಾಗಲ್ಲ. ನಾವು ನ್ಯೂ ಹ್ಯಾಂಪ್‌ಷೈರ್‌ನಲ್ಲಿರೋರು, ನಮ್ಮನೇಲೂ ಇದೆ, ಇಲ್ಲಿ ಸುಮಾರು ಕನ್ನಡದೋರ ಮನೇಲೂ ಇದೆ. ನಾನು ನೋಡಿದ ಮಟ್ಟಿಗೆ ಕೆಟ್ಟೋಯ್ತು ಅಂತ ಟೆಕ್ನಿಷಿಯನ್ ಕರೆಸಿದ್ರಲ್ಲಿ ಹೆಚ್ಚಿನವು ಕೆಟ್ಟೇ ಇರಲ್ಲ, ಬೂದಿ ತುಂಬಿ ಗಾಳಿ ಆಡ್ತಿರಲ್ಲ ಅಷ್ಟೇ.

ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ, ಪೆಲೆಟ್ ಅಂದ್ರೆ ಮರದ ಹೊಟ್ಟು ಒತ್ತಿ ಮಾಡಿದ 6 ಮಿಲಿಮೀಟರ್ ದಪ್ಪದ ಗುಳಿಗೆ, 40 ಪೌಂಡ್ ಚೀಲದಲ್ಲಿ ಸಿಗುತ್ತೆ. ಸ್ಟೌವಿನ ಹಾಪರ್ ಅನ್ನೋ ಡಬ್ಬಕ್ಕೆ ಸುರಿದ್ರೆ ಆಗರ್ ಅನ್ನೋ ತಿರುಪು ಅದನ್ನ ಸ್ವಲ್ಪ ಸ್ವಲ್ಪವೇ ಉರಿಯೋ ಬಟ್ಟಲಿಗೆ ಬೀಳಿಸುತ್ತೆ, ಒಂದು ಫ್ಯಾನ್ ಹೊಗೆ ಹೊರಗೆಳೆಯುತ್ತೆ. ಊರಿನ ಹಂಡೆ ಒಲೆ ಥರ ಊದಿ ಉರಿಸೋಕಾಗಲ್ಲ, ಫ್ಯಾನ್ ಎಷ್ಟು ಎಳೆಯುತ್ತೋ ಅಷ್ಟೇ ಉರಿ.

ಹಂಗಾಗಿ ಮೊದ್ಲು ಉರಿ ನೋಡಿ. ಹಳದಿ ಬಣ್ಣಕ್ಕೆ ಚುರುಕಾಗಿ ಕುಣೀತಿದ್ರೆ ಸರಿ ಇದೆ. ಕೇಸರಿ ಬಣ್ಣಕ್ಕೆ ಉದ್ದಕ್ಕೆ ಎದ್ದು ಸೋಮಾರಿ ಥರ ಓಲಾಡ್ತಾ ಇದ್ದು ಗಾಜು ಕಪ್ಪಾಗ್ತಿದ್ರೆ ಗಾಳಿ ಸಾಲ್ತಿಲ್ಲ ಅಂತ. ಸ್ಟೌವ್ ಪೂರ್ತಿ ಆರಿ ತಣ್ಣಗಾದ್ಮೇಲೆ ಪ್ಲಗ್ ಕಿತ್ತು ಬಟ್ಟಲು ತೆಗೀರಿ, ತೂತುಗಳ ಮೇಲೆ ಗಾಜಿನ ಥರ ಗಟ್ಟಿ ಗಂಟು ಕೂತಿರುತ್ತೆ, ಸ್ಕ್ರೂಡ್ರೈವರ್‌ನಲ್ಲಿ ಕೆರೆದು ಒಂದೊಂದು ತೂತೂ ಬಿಡಿಸಿ. ಬೆಂಕಿ ಹತ್ತದೇ ಇರೋಕೂ ಎಷ್ಟೋ ಸಲ ಇದೇ ಕಾರಣ, ಜನ ಸುಮ್ನೆ ಬೆಂಕಿ ಹತ್ತಿಸೋ ಇಗ್ನೈಟರ್ ಹೊಸದು ತರಿಸ್ತಾರೆ. ಬಾಗಿಲ ಗ್ಯಾಸ್ಕೆಟ್, ಅಂದ್ರೆ ಸಂದಿಯಲ್ಲಿ ಗಾಳಿ ನುಗ್ಗದ ಹಾಗೆ ತಡೆಯೋ ಪಟ್ಟಿ, ನೋಡೋಕೆ ಒಂದು ಡಾಲರ್ ನೋಟು ಸಿಗಿಸಿ ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ಗ್ಯಾಸ್ಕೆಟ್ ಸವೆದಿದೆ.

ಹತ್ತಿ ಸ್ವಲ್ಪ ಹೊತ್ತಿಗೇ ಆಫ್ ಆಗ್ತಿದ್ರೆ ಫ್ಯಾನ್ ಸರಿಯಾಗಿ ಎಳೀತಿದ್ಯಾ ಅಂತ ನೋಡೋ ವ್ಯಾಕ್ಯೂಮ್ ಸ್ವಿಚ್ ಮೇಲೆ ಅನುಮಾನ ಪಡಿ. ಅದಕ್ಕೆ ಹೋಗೋ ಸಣ್ಣ ರಬ್ಬರ್ ಟ್ಯೂಬಲ್ಲಿ ಬೂದಿ ಕಟ್ಕೊಂಡ್ರೆ ಸ್ವಿಚ್‌ಗೆ ಒತ್ತಡ ಗೊತ್ತಾಗಲ್ಲ, ಪೆಲೆಟ್ ಬೀಳೋದನ್ನ ನಿಲ್ಸುತ್ತೆ. ಟ್ಯೂಬನ್ನ ಸ್ವಿಚ್ಚಿಂದ ಬಿಡಿಸ್ಕೊಂಡೇ ಊದಿ, ಸ್ವಿಚ್ ಕಡೆಗೆ ಊದಿದ್ರೆ ಒಳಗಿರೋ ಪೊರೆ ಹರಿಯುತ್ತೆ. ಅದೂ ಸರಿ ಇದ್ರೆ ಉಳಿಯೋದು ಹಿಂದಿನ ಫಲಕದ ಒಳಗಿರೋ ಬೂದಿ ಗೂಡುಗಳು ಮತ್ತು ಹೊರಗಿನ ಪೈಪು. ಮುಂದೆ ಕಾಣೋ ಬೂದಿ ದಿನಾ ಗುಡಿಸೋರೂ ಇದನ್ನ ಮುಟ್ಟೋದೇ ಇಲ್ಲ, ಇಲ್ಲಿನ ಲೆಕ್ಕದ ಒಂದು ಟನ್, ಅಂದ್ರೆ 50 ಚೀಲ, ಉರಿದ ಮೇಲೂ! ಕೆಲವ್ರು ಹೊರಗಿನ ಪೈಪಿಗೆ ಎಲೆ ಗುಡಿಸೋ ಲೀಫ್ ಬ್ಲೋವರ್ ಸಿಗಿಸಿ ಎಳೆಸ್ತಾರೆ, ಕೆಲಸ ಆಗುತ್ತೆ, ಆದ್ರೆ ಪಕ್ಕದ ಮನೆಯವರ ಹಿಮ ಬೂದುಬಣ್ಣ ಆದ್ರೆ ಬೈಸ್ಕೊಳ್ಳೋಕೆ ರೆಡಿ ಇರಿ.

ಬೂದಿ ತೆಗೆಯೋಕೆ ಮನೆ ಗುಡಿಸೋ ವ್ಯಾಕ್ಯೂಮ್ ಕ್ಲೀನರ್ ಮಾತ್ರ ಬೇಡವೇ ಬೇಡ. ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡ್ಕೊಂಡಿರುತ್ತೆ, ವ್ಯಾಕ್ಯೂಮಿನ ಗಾಳಿ ತಗುಲಿದ್ರೆ ಚೀಲಕ್ಕೇ ಬೆಂಕಿ. ಬೂದಿಗೆ ಅಂತಲೇ ಮಾಡಿದ ವ್ಯಾಕ್ಯೂಮ್ ಸಿಗುತ್ತೆ, ಎತ್ತಿದ ಬೂದೀನ ಮುಚ್ಚಳ ಇರೋ ತಗಡಿನ ಬಕೆಟ್‌ನಲ್ಲಿ ಮನೆಯಿಂದ ದೂರ ಇಡಿ, ಮರದ ಡೆಕ್ ಮೇಲಲ್ಲ.

ಪೆಲೆಟ್ ವಿಷಯದಲ್ಲಿ ಜಿಪುಣತನ ಬೇಡ. ಪ್ರೀಮಿಯಂ ಅಂದ್ರೆ ಬೂದಿ ಶೇಕಡಾ 1ರೊಳಗೆ, ಅಗ್ಗದ್ದು ತಂದ್ರೆ ಉಳಿಸಿದ ದುಡ್ಡಿಗೆ ನೀವೇ ಕೆರೀತಾ ಕೂರ್ಬೇಕು. ಒದ್ದೆಯಾದ್ರೆ ಉಬ್ಬಿ ಹೊಟ್ಟಾಗಿ ಆಗರ್ ಸಿಕ್ಕಾಕೊಳುತ್ತೆ.

ಇನ್ನೊಂದು, ಕರೆಂಟ್ ಹೋದ್ರೆ ಫ್ಯಾನ್ ನಿಂತು ಹೊಗೆ ಒಳಗೇ ಬರಬಹುದು. ಊರಲ್ಲಿ ಯುಪಿಎಸ್ ಇಲ್ದೆ ಇರದ ನಮ್ಮೋರು ಇಲ್ಲಿ ಅದನ್ನ ಮರ್ತೇಬಿಡ್ತಾರೆ. ನಿಮ್ಮ ಲೇಖನದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಾತೇ ಇರ್ಲಿಲ್ಲ, ಆ ವಿಷಗಾಳಿಗೆ ವಾಸನೆ ಬಣ್ಣ ಏನೂ ಇಲ್ಲ, ಗೊತ್ತೇ ಆಗಲ್ಲ. ಮುಂದಿನ ಸಲ ಈ ವಿಷಯ ಹಾಕೋವಾಗ ಮಲಗೋ ಕೋಣೆ ಹತ್ರ ಒಂದು ಅಲಾರಂ ಹಾಕಿಸ್ಕೊಳ್ಳಿ ಅಂತ ದಯವಿಟ್ಟು ಸೇರಿಸಿ.

ಇಂತಿ,
ನಿಮ್ಮ ಓದುಗ, ನ್ಯೂ ಹ್ಯಾಂಪ್‌ಷೈರ್