ಪ್ರಾಜೆಕ್ಟ್ ಬೈಂಡಿಂಗ್ ಬಗ್ಗೆ ನಮ್ಮ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರೇ, ವಿದ್ಯಾರ್ಥಿಗಳೇ, ಅವರ ಅಪ್ಪ-ಅಮ್ಮಂದಿರೇ,

ಈ ಸೆಮಿಸ್ಟರ್‌ನಿಂದ ನಮ್ಮಲ್ಲಿ ಹಳೇ ಪ್ರಾಜೆಕ್ಟ್‌ಗಳ ಕಪಾಟು ಇರುವುದಿಲ್ಲ. "ಹೆಸರು ಬದಲಿಸಿ, ಊರು ಬದಲಿಸಿ ಪ್ರಿಂಟ್ ಕೊಡಿ" ಎನ್ನುವ ಕೆಲಸವನ್ನೂ ತೆಗೆದುಕೊಳ್ಳುವುದಿಲ್ಲ. ಬಿ.ಕಾಂ., ಬಿ.ಬಿ.ಎ., ಎಂ.ಕಾಂ. ಪ್ರಾಜೆಕ್ಟ್‌ಗಳನ್ನು ಹಾರ್ಡ್ ಬೈಂಡಿಂಗ್‌ಗೆ ತರುವಾಗ ಕಾಲೇಜಿನ ಲೈಬ್ರರಿಯನ್ ಮತ್ತು ಗೈಡ್ ಇಬ್ಬರೂ ಸಹಿ ಹಾಕಿದ ಒಂದು ಹಾಳೆ ಜೊತೆಗಿರಬೇಕು. ಜೆರಾಕ್ಸ್, ಸ್ಪೈರಲ್, ಲ್ಯಾಮಿನೇಶನ್, ಸಹಕಾರಿ ಸೊಸೈಟಿ ವರದಿ, ಮದುವೆ ಕಾಗದ ಎಲ್ಲ ಮೊದಲಿನ ಹಾಗೇ.

ಇದರಿಂದ ಕೆಲವರಿಗೆ ತೊಂದರೆಯಾಗಿದೆ, ಗೊತ್ತು. ಬನವಾಸಿ ಬಸ್ಸಿಗೆ ಹೊತ್ತಾಯ್ತು ಎಂದು ಓಡಿ ಬಂದ ಹುಡುಗನನ್ನು ಸಹಿ ಇಲ್ಲ ಅಂತ ವಾಪಸ್ ಕಳಿಸುವುದು ನಮಗೇನೂ ಖುಷಿಯಲ್ಲ. ಕ್ಷಮೆ ಇರಲಿ. ಆದರೆ ಯಾಕೆ ಹೀಗೆ ಅಂತ ಒಮ್ಮೆ ಕೇಳಿ.

ಮೊದಲು ದುಡ್ಡಿನ ಮಾತು, ಯಾಕೆಂದರೆ ಕೌಂಟರ್‌ನಲ್ಲಿ ದಿನಾ ಇದೇ ಜಗಳ. ಹಾರ್ಡ್ ಬೈಂಡಿಂಗ್‌ಗೆ 20 ರೂಪಾಯಿ ಜಾಸ್ತಿ ಮಾಡಿದ್ದೇವೆ. "ಜಿಎಸ್‌ಟಿ ಕಡಿಮೆ ಆಗಿದೆ ಅಂತ ಟಿವಿಯಲ್ಲಿ ಬಂತಲ್ಲ, ನೀವು ಏರಿಸ್ತೀರಾ?" ಅಂತ ಕೇಳುತ್ತೀರಿ. ಕಡಿಮೆ ಆದದ್ದು ನೋಟ್‌ಬುಕ್ಕಿಗೆ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ತೆರಿಗೆಯೇ ಇಲ್ಲ, ಒಳ್ಳೆಯದೇ. ಅದೇ ದಿನ ನಾವು ಮೆಷಿನ್‌ಗೆ ಹಾಕುವ ಎ4 ಕಾಗದಕ್ಕೆ ಶೇ. 12 ಇದ್ದದ್ದು ಶೇ. 18 ಆಯಿತು. ಟಿವಿಯವರು ಅದನ್ನು ಅಷ್ಟು ದೊಡ್ಡದಾಗಿ ಹೇಳಲಿಲ್ಲ. ಟೋನರ್, ಡ್ರಮ್, ರೆಕ್ಸಿನ್, ಹುಬ್ಬಳ್ಳಿಯಿಂದ ಬರುವ ಪಾರ್ಸೆಲ್ ಬಾಡಿಗೆ, ಯಾವುದೂ ನಮ್ಮ ಕೈಯಲ್ಲಿಲ್ಲ. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಮೆಷಿನ್‌ನಲ್ಲಿ ಸಿಕ್ಕಿಕೊಂಡರೆ ಆ ಹಾಳೆ ನಮ್ಮ ಲೆಕ್ಕಕ್ಕೇ ಹೋಗುತ್ತದೆ, ನಿಮ್ಮ ಬಿಲ್ಲಿಗಲ್ಲ. ಇಷ್ಟಾದರೂ ಜೆರಾಕ್ಸ್ ದರ ಮುಟ್ಟಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾವೇ ಹೇಳಿಕೊಳ್ಳುತ್ತಿದ್ದೇವೆ.

ಈಗ ಎಲ್ಲರೂ ಕೇಳುವ ಆ ಪ್ರಶ್ನೆ. "ಪಿಡಿಎಫ್ ತಂದು ಕೊಟ್ಟರೆ ಪ್ರಿಂಟ್ ಹೊಡೆಯೋದು ನಿಮ್ಮ ಕೆಲಸ. ಈ ಮಾಸ್ತರಿಕೆ ಯಾಕೆ ನಿಮಗೆ?"

ಸರಿ. ಆದರೆ ಬೈಂಡಿಂಗ್‌ಗೆ ಮೊದಲು ಪುಟದ ಕ್ರಮ ನೋಡಲಿಕ್ಕೆ ಪ್ರತಿ ಹಾಳೆ ಮಗುಚುವವರು ನಾವು. ಕಣ್ಣಿಗೆ ಬೀಳುತ್ತದೆ. ಒಂದು ಪ್ರಾಜೆಕ್ಟಿನ ಮುಖಪುಟದಲ್ಲಿ ಶಿರಸಿ ಗ್ರಾಹಕರ ತೃಪ್ತಿ ಅಂತ ಬಂಗಾರದ ಅಕ್ಷರ, ಒಳಗೆ ಸರ್ವೆ ನಡೆದದ್ದು ಕೊಯಮತ್ತೂರಿನಲ್ಲಿ! ಟೇಬಲ್‌ನ ಶೇಕಡಾವಾರು ಕೂಡಿಸಿದರೆ 112. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬಿದ್ದ ಮೇಲೆ ಮಕ್ಕಳು ಬಂದು ಬೈಯುವುದು ಯಾರಿಗೆ? ನಮಗೇ. ಕಪಾಟಿನಲ್ಲಿದ್ದ ಹಳೇ ಪ್ರತಿಗಳು ಪುಟದ ಅಳತೆ, ಹೆಡಿಂಗ್ ಹೇಗಿರಬೇಕು ಎಂದು ನೋಡಲಿಕ್ಕೆ ಇಟ್ಟದ್ದು. ಮಾರಿದ್ದಲ್ಲ. ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಹೋದವರಿಗೆ ನಾವೇನು ಮಾಡೋಣ?

ಎಂ.ಕಾಂ.ನಲ್ಲಿ ಪ್ರಬಂಧ (ಡಿಸರ್ಟೇಶನ್) ಬರೆಯುವವರಿಗಂತೂ ಇದು ಬರೀ ಮಾನದ ಪ್ರಶ್ನೆಯಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ. 10 ದಾಟಿದರೆ ತಿದ್ದಿ ಮತ್ತೆ ಕೊಡಬೇಕು. ಶೇ. 60 ದಾಟಿದರೆ ಕೋರ್ಸಿನ ನೋಂದಣಿಯೇ ರದ್ದು.

ಹಾಗಂತ ಮಾಸ್ತರಿಕೆ ನಮ್ಮದಲ್ಲ. ಅದನ್ನು ಮಾಡುತ್ತಿರುವುದು ಕಾಲೇಜಿನ ಲೈಬ್ರರಿಯನ್ ಮತ್ತು ಕಾಮರ್ಸ್ ಮೇಡಂ, ಇಬ್ಬರೂ ಸೇರಿ. ಮೊದಲು ಒಬ್ಬರು ಟಾಪಿಕ್ ಕೊಡುತ್ತಿದ್ದರು, ಇನ್ನೊಬ್ಬರು ಪುಸ್ತಕ ಕೊಡುತ್ತಿದ್ದರು, ನಡುವೆ ಹುಡುಗರು ಗೂಗಲ್‌ನಲ್ಲಿ ಮುಳುಗುತ್ತಿದ್ದರು. ಈಗ ಒಂದೇ ಮೇಜಿಗೆ ಇಬ್ಬರೂ ಕೂತು ಹುಡುಗರಿಗೆ ಪ್ರಾಜೆಕ್ಟಿನ ಕ್ಲಾಸು ತೆಗೆದುಕೊಳ್ಳುತ್ತಾರೆ. ಬಸ್ಸಿನ ಕಾರಣಕ್ಕೆ ಕಾಲೇಜಿನಲ್ಲಿ ಆ ಕ್ಲಾಸು ತಪ್ಪಿದವರಿಗೆ ಶನಿವಾರ ಮಧ್ಯಾಹ್ನ ನಮ್ಮ ಎರಡು ಕಂಪ್ಯೂಟರ್ ಬಿಟ್ಟುಕೊಟ್ಟಿದ್ದೇವೆ. ಪುಕ್ಕಟೆ. ಇದರಲ್ಲಿ ನಮಗೆ ಕಮಿಷನ್ ಇದೆ ಅಂತ ಮಾತು ಆಡುವವರು ಆ ಹೊತ್ತಿಗೆ ಬಂದು ನೋಡಲಿ.

ನಾವು ಕಂಡದ್ದು ಹೇಳುತ್ತೇವೆ. ಒಬ್ಬ ಹುಡುಗಿಯ ಪ್ರಾಜೆಕ್ಟು ಅಡಿಕೆ ದರದ ಮೇಲೆ. "ಶಿರಸಿಯ ಸರಾಸರಿ ದರ" ಅಂತ ಒಂದೇ ಸಂಖ್ಯೆ ಹಾಕಿದ್ದಳು, ಯಾವುದೋ ಸೈಟಿನಿಂದ ಎತ್ತಿದ್ದು. ಮೇಡಂ ಕೇಳಿದರು: ಯಾವ ಬಗೆಯ ಅಡಿಕೆಯ ಸರಾಸರಿ? ರಾಶಿಯದ್ದಾ, ಚಾಲಿಯದ್ದಾ, ಬೆಟ್ಟೆಯದ್ದಾ? ಅಡಿಕೆ ಮನೆಯ ಹುಡುಗಿ, ನಾಲಿಗೆ ಕಚ್ಚಿಕೊಂಡಳು. ಲೈಬ್ರರಿಯನ್ ಕೃಷಿ ಮಾರಾಟ ವಾಹಿನಿ ತೆಗೆದು ತೋರಿಸಿದರು. ಸರ್ಕಾರದ್ದೇ ಸೈಟು. ಮಾರುಕಟ್ಟೆವಾರು, ಬಗೆವಾರು ಆವಕ (ಬಂದ ಮಾಲು), ಕನಿಷ್ಠ, ಗರಿಷ್ಠ ದರ ಎಲ್ಲ ಅಲ್ಲೇ ಇದೆ. ಆವಕ ಎಷ್ಟು ಅಂತ ನೋಡದೆ ದರದ ಸರಾಸರಿ ತೆಗೆದರೆ ಹತ್ತು ಚೀಲ ಬಂದ ದಿನವೂ ಸಾವಿರ ಚೀಲ ಬಂದ ದಿನವೂ ಒಂದೇ ತೂಕ ಆಗಿಬಿಡುತ್ತದೆ ಎಂದು ಮೇಡಂ ಲೆಕ್ಕ ಮಾಡಿಸಿದರು. ಆಮೇಲೆ ಅಪ್ಪ ಮಹಾಸಭೆಯಿಂದ ತಂದು ಅಟ್ಟದ ಮೇಲೆ ಎಸೆದಿದ್ದ ಸೊಸೈಟಿ ವಾರ್ಷಿಕ ವರದಿಗಳನ್ನು ಹುಡುಕಿ ತರಲಿಕ್ಕೆ ಹೇಳಿದರು. ಅದರಲ್ಲಿ ಬ್ಯಾಲೆನ್ಸ್ ಶೀಟೇ ಇದೆಯಲ್ಲ! ಆ ಪ್ರಾಜೆಕ್ಟು ತೆಳ್ಳಗಿತ್ತು. ಬೈಂಡ್ ಮಾಡುವಾಗ ನಾವೇ ಕೂತು ಓದಿದೆವು.

ಸುಮ್ನೆ ದುಡ್ಡು ಖರ್ಚಾಗುತ್ತದೆ ಎಂಬ ಹೆದರಿಕೆಯೂ ಬೇಡ. ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿ ಬಿಎಸ್‌ಇ, ಎನ್‌ಎಸ್‌ಇ ಸೈಟ್‌ಗಳಲ್ಲಿ ಪುಕ್ಕಟೆ ಸಿಗುತ್ತದೆ. ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಸೈಟಿನಲ್ಲಿವೆ. ಕಾಲೇಜು ಎನ್‌-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್, ಪುಸ್ತಕ ಒದಗಿಸುವ ಯೋಜನೆ) ಸದಸ್ಯ ಆಗಿದ್ದರೆ ಜರ್ನಲ್‌ಗಳಿಗೆ ಲಾಗಿನ್ ಲೈಬ್ರರಿಯಿಂದಲೇ ಬರುತ್ತದೆ. ಕೇಳಿದವರಿಗೆ ಮಾತ್ರ ಸಿಗುತ್ತದೆ ಅಷ್ಟೇ, ಕೇಳಿ.

ಸಹಿಯ ಹಾಳೆಯಲ್ಲಿ ಇರುವುದು ಇಷ್ಟೇ: ನಿಮ್ಮ ಪ್ರಶ್ನೆ ಏನು, ಅಂಕಿ ಎಲ್ಲಿಂದ ತಂದಿರಿ, ಯಾವ ತಾರೀಕಿಗೆ ನೋಡಿದಿರಿ. ನಾವು ಒಳಗಿನ ವಿಷಯ ತಿದ್ದುವುದಿಲ್ಲ, ಮಾರ್ಕ್ಸ್ ಹಾಕುವುದಿಲ್ಲ, ಯಾರ ಪ್ರಾಜೆಕ್ಟು ಹೇಗಿತ್ತು ಅಂತ ಯಾರಿಗೂ ಹೇಳುವುದಿಲ್ಲ. ನಿಮ್ಮ ಫೈಲು ಕೆಲಸ ಮುಗಿದ ದಿನವೇ ನಮ್ಮ ಕಂಪ್ಯೂಟರ್‌ನಿಂದ ಅಳಿಸುತ್ತೇವೆ. ಬೈಂಡಿಂಗ್ ಬಿಚ್ಚಿದರೆ ಯಾವಾಗ ಬೇಕಾದರೂ ತನ್ನಿ, ದುಡ್ಡಿಲ್ಲದೆ ಮತ್ತೆ ಹಾಕಿ ಕೊಡುತ್ತೇವೆ. ಇಷ್ಟು ವರ್ಷದಲ್ಲಿ ಹಾಗೆ ತಂದವರು ಕಡಿಮೆ, ಅದು ನಿಮಗೂ ಗೊತ್ತು.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ದರವೇ. ಸಹಿ ಸಿಗುವುದು ತಡವಾದರೆ ಅಂಗಡಿಗೆ ಬಂದು ಹೇಳಿ, ಲೈಬ್ರರಿಗೆ ನಾವೇ ಫೋನ್ ಮಾಡಿ ಕೇಳುತ್ತೇವೆ. ಹಾರ್ಡ್ ಬೈಂಡಿಂಗ್‌ಗೆ ಮಾತ್ರ ಕೊನೇ ದಿನಕ್ಕಿಂತ ಎರಡು ದಿನ ಮೊದಲೇ ತನ್ನಿ. ಅಂಟು ಒಣಗಬೇಕು, ಈ ಮಳೆಯಲ್ಲಿ ಅದು ನಮ್ಮ ಮಾತು ಕೇಳುವುದಿಲ್ಲ.

ನಿಮ್ಮ,
ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿಯವರು, ಶಿರಸಿ