ಪಾಂಡಾಸ್ ಹಾಕುವ ಮುಂಚೆ ಒಂದು ಮಾತು

ಸಂಪಾದಕರಿಗೆ ನಮಸ್ಕಾರ.

ಶಿರಸಿ ಹತ್ತಿರದ ನಮ್ಮೂರಲ್ಲಿ ಮಳೆಗಾಲ ಶುರುವಾದರೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಅಂಥದ್ದರಲ್ಲಿ ಅಣ್ಣನ ಮಗಳು ಅಡಕೆ ಧಾರಣೆಯ ಪ್ರಾಜೆಕ್ಟ್ ಮಾಡಲು ಕೂತಳು. ಕಾಲೇಜಿನಲ್ಲಿ ಬರೆಸಿದ್ದು ಒಂದೇ ಸಾಲು, ‘ಪಿಪ್ ಇನ್‌ಸ್ಟಾಲ್ ನಂಪೈ ಪಾಂಡಾಸ್, ಅಪ್‌ಗ್ರೇಡ್ ಮಾಡಿ’ ಅಂತ. ಪಿಪ್ ಅಂದರೆ ಪೈಥಾನ್ ಭಾಷೆಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ತಯಾರಿರುವ ಕೋಡಿನ ಕಟ್ಟುಗಳನ್ನು, ತಂದು ಹಾಕುವ ಸಾಧನ. ನಂಪೈ ಲೆಕ್ಕಕ್ಕೆ, ಪಾಂಡಾಸ್ ಅಂಕಿಅಂಶದ ಪಟ್ಟಿಗಳಿಗೆ ಇರುವ ಲೈಬ್ರರಿಗಳು. ಅವಳ ಲ್ಯಾಪ್‌ಟಾಪ್‌ನಲ್ಲಿರುವುದು ಉಬುಂಟು 24.04 ಎಂಬ ಆಪರೇಟಿಂಗ್ ಸಿಸ್ಟಂ (ಓಎಸ್). ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂಬ ಎರರ್ ಬಂತು. ಯಾರೋ ಹೇಳಿದರು ಅಂತ ಕಮಾಂಡಿನ ಕೊನೆಗೆ ಆ ತಡೆಯನ್ನು ಮೀರುವ ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಸೇರಿಸಿ, ಮುಂದೆ ಅಡ್ಮಿನ್ ಅಧಿಕಾರ ಕೊಡುವ ಸುಡೋ ಹಾಕಿ ಓಡಿಸಿಬಿಟ್ಟಳು. ಪಾಂಡಾಸ್ ಏನೋ ಬಂತು, ಆದರೆ ಮೊದಲೇ ಆಪ್ಟ್‌ನಿಂದ, ಅಂದರೆ ಉಬುಂಟುವಿನದೇ ಇನ್‌ಸ್ಟಾಲರಿನಿಂದ, ಹಾಕಿಕೊಂಡಿದ್ದ ಗ್ರಾಫ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಕೆಟ್ಟಿತು, ಗ್ರಾಫ್ ಬರುವುದೇ ನಿಂತಿತು. ಆ ಮ್ಯಾಟ್‌ಪ್ಲಾಟ್‌ಲಿಬ್ ಹಳೆಯ ನಂಪೈ 1ಕ್ಕೆ ಹೊಂದುವಂತೆ ಕಟ್ಟಿದ್ದು, ಈಗ ಅದಕ್ಕೆ ಸಿಗುತ್ತಿದ್ದುದು ನಂಪೈ 2.

ಆ ಹುಡುಗಿಯದು ತಪ್ಪಿಲ್ಲ. ಆ ಎರರ್ ಯಾಕೆ ಬರುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಉಬುಂಟು ತನ್ನ ಕೆಲಸಕ್ಕೆ ತಾನೇ ಪೈಥಾನ್ ಬಳಸುತ್ತದೆ, ಅದಕ್ಕೇ ಅಲ್ಲಿ ಕೈ ಹಾಕಬೇಡಿ ಅನ್ನುತ್ತದೆ. ನಮಗೆ ಬೇಕಾದ್ದಕ್ಕೆ ಬೇರೆ ಜಾಗ ಮಾಡಿಕೊಳ್ಳಬೇಕು. ಅಡಕೆಯ ಬಗೆಗಳಾದ ರಾಶಿ, ಚಾಲಿ, ಬೆಟ್ಟೆ ಎಲ್ಲವನ್ನೂ ನಾವು ಒಂದೇ ಚೀಲಕ್ಕೆ ಸುರಿಯುತ್ತೇವಾ? ಇದೂ ಹಾಗೇ, ಪ್ರಾಜೆಕ್ಟಿಗೊಂದು ವೆನ್ವ್, ಅಂದರೆ ಆ ಪ್ರಾಜೆಕ್ಟಿನ ಲೈಬ್ರರಿಗಳಿಗಷ್ಟೇ ಮೀಸಲಾದ ಫೋಲ್ಡರ್. ಪೈಥಾನ್ 3.3ರಿಂದ, ಅಂದರೆ 2012ರಿಂದಲೂ ಇದು ಪೈಥಾನ್ ಜೊತೆಗೇ ಇದೆ. ಉಬುಂಟುನಲ್ಲಿ ಮಾತ್ರ ಅದರ ಪ್ಯಾಕೇಜನ್ನು ಆಪ್ಟ್‌ನಿಂದ ಒಮ್ಮೆ ಹಾಕಿಕೊಳ್ಳಬೇಕು. ಕೆಟ್ಟರೆ ಆ ಫೋಲ್ಡರ್ ಅಳಿಸಿ ಹೊಸದು ಮಾಡಿದರೆ ಆಯಿತು, ಲ್ಯಾಪ್‌ಟಾಪಿಗೆ ಏನೂ ಆಗುವುದಿಲ್ಲ.

ಆಪ್ಟ್‌ನಿಂದಲೇ ಪಾಂಡಾಸ್ ಹಾಕಿದರೂ ಕಲಿಯಲು ಸಾಕು, ಸ್ವಲ್ಪ ಹಳೆಯ ಆವೃತ್ತಿ ಅಷ್ಟೆ. ಪೈಥಾನ್, ಲೈಬ್ರರಿಗಳು ಎಲ್ಲ ಒಟ್ಟಿಗೇ ಬರುವ ಅನಕೊಂಡ ಹಾಕಿ ಅಂತ ಸುಲಭವಾಗಿ ಹೇಳುವವರು ಇದ್ದಾರೆ. ಆ ಫೈಲೇ 1 ಜಿಬಿ ಹತ್ತಿರ ಇರುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ, ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಹೋಗಿ ಕೂರುವ ಮಕ್ಕಳಿಗೆ ಇದನ್ನು ಹೇಳುವಾಗ ಸ್ವಲ್ಪ ಯೋಚನೆ ಮಾಡಬೇಕು, ಅಲ್ವಾ?

ನಮ್ಮ ಜಿಲ್ಲೆಗೆ ಹೆಚ್ಚು ಉಪಯೋಗ ಆಗುವ ದಾರಿ ಒಂದಿದೆ, ಅದನ್ನು ಹೇಳಲೆಂದೇ ಈ ಪತ್ರ. ಪಿಪ್‌ನಲ್ಲಿ ‘ಡೌನ್‌ಲೋಡ್’ ಅಂತ ಒಂದು ಕಮಾಂಡ್ ಇದೆ. ಲೈಬ್ರರಿಯನ್ನೂ ಅದಕ್ಕೆ ಬೇಕಾದ ಉಳಿದವನ್ನೂ ತಂದು ಒಂದು ಫೋಲ್ಡರಿನಲ್ಲಿ ಇಡುತ್ತದೆ. ಲ್ಯಾಬಿನಲ್ಲಿ ಒಮ್ಮೆ ತಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ, ಮನೆಯಲ್ಲಿ ‘ನೋ ಇಂಡೆಕ್ಸ್’, ‘ಫೈಂಡ್ ಲಿಂಕ್ಸ್’ ಎರಡನ್ನೂ ಸೇರಿಸಿ, ಆ ಫೋಲ್ಡರ್ ತೋರಿಸಿ ಇನ್‌ಸ್ಟಾಲ್ ಮಾಡಬಹುದು. ಇಂಟರ್ನೆಟ್ ಬೇಡವೇ ಬೇಡ. ಆದರೆ ತರುವ ಕಂಪ್ಯೂಟರು, ಹಾಕುವ ಕಂಪ್ಯೂಟರು ಎರಡರಲ್ಲೂ ಒಂದೇ ಥರದ ಓಎಸ್, ಒಂದೇ ಪೈಥಾನ್ ಆವೃತ್ತಿ ಇರಬೇಕು, ವಿಂಡೋಸ್‌ಗೆ ತಂದ ನಂಪೈ ಉಬುಂಟುಗೆ ಆಗುವುದಿಲ್ಲ. ಇನ್ನೊಂದು, ವೆನ್ವ್ ಫೋಲ್ಡರನ್ನೇ ಸುಮ್ನೆ ಕಾಪಿ ಮಾಡಿ ಕೊಡಬೇಡಿ. ಅದರೊಳಗೆ ಹಳೆಯ ಕಂಪ್ಯೂಟರಿನ ಫೋಲ್ಡರ್ ದಾರಿಗಳು (ಪಾತ್) ಬರೆದಿರುತ್ತವೆ, ಬೇರೆ ಕಡೆ ಓಡುವುದಿಲ್ಲ.

ಅಣ್ಣನ ಮಗಳಿಗೆ ನಾನು ಹೀಗೇ ಮಾಡಿಕೊಟ್ಟೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಸಿದ್ದಾಪುರ, ಯಲ್ಲಾಪುರದಲ್ಲೂ ಪೈಥಾನ್ ಕಲಿಸುವ ಮೇಷ್ಟ್ರುಗಳು ಮೊದಲ ಪ್ರಾಕ್ಟಿಕಲ್ಲಿನಲ್ಲೇ ಅರ್ಧ ಗಂಟೆ ಇದಕ್ಕೆ ಕೊಡಲಿ, ಒಂದು ಪೆನ್‌ಡ್ರೈವ್ ಲ್ಯಾಬಿನಲ್ಲಿ ಯಾವಾಗಲೂ ತಯಾರಿರಲಿ. ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವನು. ನಮ್ಮ ಕಡೆಯ ಯಾವ ಕಾಲೇಜು ಕರೆದರೂ ಬಂದು ತೋರಿಸಿಕೊಡುತ್ತೇನೆ.

– ಒಬ್ಬ ಓದುಗ, ಶಿರಸಿ ತಾಲೂಕು